ಪರ್ತ್‌ನಿಂದ ಬಡಗಣಕ್ಕೆ ಕೈಟ್ ಪ್ರವಾಸ: ಗಾಳಿ ಎಷ್ಟು ಅನ್ನುವುದಕ್ಕಿಂತ ಎತ್ತ ತಳ್ಳುತ್ತದೆ ಅನ್ನುವುದು ಮುಖ್ಯ

ಪ್ರಶ್ನೆ: ನಾನು, ನನ್ನ ಗೆಳೆಯ ಕೈಟ್‌ಸರ್ಫಿಂಗ್ (ದೊಡ್ಡ ಗಾಳಿಪಟ ಎಳೆಯುವ ಹಲಗೆಯ ಮೇಲೆ ನಿಂತು ನೀರಿನಲ್ಲಿ ಸಾಗುವ ಆಟ) ಕಲಿತು ಮೂರು ವರ್ಷ ಆಯಿತು. ಗಾಳಿಗೆ ಎದುರಾಗಿ ಎರಡೂ ಕಡೆ ಸವಾರಿ ಮಾಡುತ್ತೇವೆ, ಸಣ್ಣಪುಟ್ಟ ಜಿಗಿತ ಬರುತ್ತದೆ. ಆದರೆ ಇದುವರೆಗೆ ಇಳಿದದ್ದೆಲ್ಲ ತರಬೇತಿ ಶಾಲೆ, ರೆಸ್ಕ್ಯೂ ಬೋಟ್ ಇರುವ ಕಡೆಯಲ್ಲೇ. ಡಿಸೆಂಬರ್ ಕೊನೆಯಿಂದ ಮೂರು ವಾರ ಪಶ್ಚಿಮ ಆಸ್ಟ್ರೇಲಿಯಾದಲ್ಲಿ, ಪರ್ತ್‌ನಿಂದ ಎಕ್ಸ್‌ಮೌತ್‌ವರೆಗೆ ಬಾಡಿಗೆ ಕ್ಯಾಂಪರ್‌ವ್ಯಾನ್‌ನಲ್ಲಿ ಹೋಗುವ ಆಸೆ. ಅಲ್ಲಿ ದಿನಾ 30 ನಾಟ್ (ಗಂಟೆಗೆ ಸುಮಾರು 55 ಕಿಲೋಮೀಟರ್) ಗಾಳಿ, ನಿಮ್ಮಂಥವರಿಗೆ ಆಗುವುದಿಲ್ಲ ಅಂತ ಒಬ್ಬರು ಹೆದರಿಸಿದರು. ಬೆಳಗ್ಗೆ ನೆಲದ ಕಡೆಯಿಂದ ಬೀಸುವ ಗಾಳಿಗೆ ನೀರು ಸಪಾಟಾಗಿರುತ್ತದೆ, ಆಗ ಇಳಿಯಿರಿ ಅಂತ ಇನ್ನೊಬ್ಬರು ಹೇಳಿದರು. ಮನೆಯವರಿಗೆ ಶಾರ್ಕ್ ಭಯ. ಅಲೆಗಳಿಗೆ ಹೆಸರಾದ ನರಾಲೂ ತೀರಕ್ಕೆ ಹೋಗಲೇಬೇಕು ಅಂತ ಗೆಳೆಯನ ಹಟ. ಯಾವ ಅಳತೆಯ ಕೈಟ್ ಒಯ್ಯಬೇಕು? ಎಲ್ಲೆಲ್ಲಿ ನಿಲ್ಲಬೇಕು? ಯಾರೂ ಇಲ್ಲದ ತೀರದಲ್ಲಿ ನಾವಿಬ್ಬರೇ ಇಳಿಯಬಹುದಾ?

ಉತ್ತರ: ನಿಮ್ಮ ಪ್ರಶ್ನೆಗಳ ಹಿಂದೆ ಒಂದೇ ಚಿಂತೆ ಕಾಣುತ್ತಿದೆ. ಇಷ್ಟು ದಿನ ಏನಾದರೂ ಎಡವಟ್ಟಾದರೆ ಬೋಟ್ ಬರುತ್ತಿತ್ತು. ಅಲ್ಲಿ ಬರುವುದಿಲ್ಲ. ಆಗ ನೀವು ದಡ ಸೇರುವುದು ಹೇಗೆ? ಈ ಚಿಂತೆ ಬಂದಿರುವುದು ಒಳ್ಳೆಯದೇ. ಈ ಪ್ರವಾಸವನ್ನು ನೀವು ಮಾಡಬಹುದು ಅಂತಲೇ ನನ್ನ ಅಭಿಪ್ರಾಯ. ಆದರೆ ಬೆಳಗಿನ ಗಾಳಿಯಲ್ಲಿ ಇಳಿಯಿರಿ ಅನ್ನುವ ಸಲಹೆಯನ್ನು ಈಗಲೇ ಮರೆತುಬಿಡಿ. ನರಾಲೂ ಈ ಸಲ ಬೇಡ. ಎಕ್ಸ್‌ಮೌತ್ ಕೂಡ ಬೇಡ ಅಂತ ಹೇಳುವವನಿದ್ದೇನೆ. ಕಾರಣ ಒಂದೊಂದಾಗಿ ಹೇಳುತ್ತೇನೆ.

ಮೊದಲು ಆ ಗಾಳಿ ಹುಟ್ಟುವ ಬಗೆ ತಿಳಿದುಕೊಳ್ಳಿ. ಅದು ತಿಳಿದರೆ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಿಕೊಳ್ಳುತ್ತೀರಿ. ಆ ಕರಾವಳಿ ಹೆಚ್ಚುಕಡಿಮೆ ತೆಂಕಣದಿಂದ ಬಡಗಣಕ್ಕೆ ಚಾಚಿದೆ. ಪಡುವಣಕ್ಕೆ ಹಿಂದೂ ಮಹಾಸಾಗರ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಅಲ್ಲಿ ಕಡು ಬೇಸಿಗೆ. ಒಳನಾಡು ಕಾದು ಬಿಸಿಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ಗುತ್ತದೆ. ಭೂಮಿ ತಿರುಗುವುದರಿಂದ ದಕ್ಷಿಣಾರ್ಧಗೋಳದಲ್ಲಿ ಗಾಳಿ ಎಡಕ್ಕೆ ಬಾಗುತ್ತದೆ. ಹಾಗಾಗಿ ನೇರ ಪಡುವಣದಿಂದ ಬರಬೇಕಾದ ಕಡಲಗಾಳಿ ದಕ್ಷಿಣ ಮತ್ತು ನೈಋತ್ಯದ ನಡುವಿನಿಂದ, ತೀರದ ಉದ್ದಕ್ಕೆ ಬೀಸುತ್ತದೆ. ಪರ್ತ್ ಜನ ಇದನ್ನು ಫ್ರೀಮ್ಯಾಂಟಲ್ ಡಾಕ್ಟರ್ ಅಂತ ಕರೆಯುತ್ತಾರೆ. ಬೆಂದ ಮೈಗೆ ಮಧ್ಯಾಹ್ನ ಬಂದು ತಂಪು ಕೊಡುತ್ತದಲ್ಲ, ಅದಕ್ಕೆ. 1987ರಲ್ಲಿ ಅಮೆರಿಕಾಸ್ ಕಪ್ ಹಾಯಿದೋಣಿ ಪಂದ್ಯ ಫ್ರೀಮ್ಯಾಂಟಲ್‌ನಲ್ಲಿ ನಡೆದಾಗ ಈ ಗಾಳಿಯ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು.

ಕೈಟ್ ಹಿಡಿದವರಿಗೆ ಇದು ನಿಜಕ್ಕೂ ವರ. ತೀರದ ಉದ್ದಕ್ಕೆ, ಸ್ವಲ್ಪ ದಡದ ಕಡೆ ವಾಲಿ ಬೀಸುವ ಗಾಳಿ ಅಂದರೆ ಕೈಟ್ ಬಿದ್ದರೂ, ಅದರ ಹಗ್ಗ, ಅಂದರೆ ಲೈನ್, ಕಡಿದರೂ, ಕೊನೆಗೆ ಮರಳಿನ ಮೇಲೆಯೇ ಬಂದು ಬೀಳುತ್ತೀರಿ. ಎಲ್ಲೋ ಒಂದು ಕಿಲೋಮೀಟರ್ ಆಚೆ ಬೀಳಬಹುದು, ನಡೆದು ಬರಬೇಕಾದೀತು. ಅಷ್ಟೇ.

ದಿನಾ 30 ನಾಟ್ ಅನ್ನುವುದು ಮಾತ್ರ ಉತ್ಪ್ರೇಕ್ಷೆ. ಪರ್ತ್ ಸುತ್ತ ಬೇಸಿಗೆ ಮಧ್ಯಾಹ್ನ 15ರಿಂದ 20 ನಾಟ್ ಸಾಮಾನ್ಯ. ಬಡಗಣಕ್ಕೆ ಹೋದಷ್ಟೂ ಜೋರು. ಲ್ಯಾನ್ಸೆಲಿನ್, ಜೆರಾಲ್ಡ್‌ಟನ್ ಕಡೆ 20ರಿಂದ 25 ನಾಟ್ ಬಹಳ ದಿನ ಸಿಗುತ್ತದೆ, ಕೆಲವು ದಿನ 30 ಮುಟ್ಟುತ್ತದೆ. ಗಾಳಿಯೇ ಇಲ್ಲದ ದಿನಗಳೂ ಇವೆ. ಬೇಸಿಗೆಯಲ್ಲಿ ಆ ಕರಾವಳಿಗೆ ಸಮಾನಾಂತರವಾಗಿ ಕಡಿಮೆ ಒತ್ತಡದ ಒಂದು ಪಟ್ಟಿ ಇರುತ್ತದೆ. ಅದು ಒಳನಾಡಿಗೆ ಸರಿದರೆ ಕಡಲಗಾಳಿ ಬೇಗ ಬರುತ್ತದೆ, ಚೆನ್ನಾಗಿ ಬರುತ್ತದೆ. ಅದೇ ಪಟ್ಟಿ ಕಡಲಿನ ಮೇಲೆ ಕೂತರೆ ಇಡೀ ದಿನ ಒಳನಾಡಿನ ಬಿಸಿ ಮೂಡಣ ಗಾಳಿ. ಕಡಲಗಾಳಿ ಸಂಜೆಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಂಥ ದಿನಗಳಿಗೆ ಯೋಜನೆಯಲ್ಲಿ ಜಾಗ ಬಿಡಿ.

ಮುನ್ಸೂಚನೆ ನೋಡುವಾಗ ಒಂದು ಸಂಗತಿ ನೆನಪಿರಲಿ. ಮೊಬೈಲ್ ಆ್ಯಪ್‌ಗಳು ಬಳಸುವ ಜಾಗತಿಕ ಮಾದರಿಗಳು ಕಡಲಗಾಳಿಯನ್ನು ಕಡಿಮೆ ಮಾಡಿ ತೋರಿಸುವುದು ಉಂಟು. ಅವು ಲೆಕ್ಕ ಹಾಕುವ ಚೌಕಗಳು ದೊಡ್ಡವು. ಕರಾವಳಿಯ ಸಣ್ಣ ಪಟ್ಟಿಯಲ್ಲಿ ನೆಲಕ್ಕೂ ನೀರಿಗೂ ಇರುವ ಬಿಸಿಯ ವ್ಯತ್ಯಾಸ ಅವುಗಳ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. ಆ್ಯಪ್ 16 ಅಂದಿದ್ದನ್ನು ನಂಬಿ 12 ಮೀಟರ್ (ಕೈಟ್ ಅಳತೆ ಚದರ ಮೀಟರ್‌ನಲ್ಲಿ) ಕೈಟ್ ಹಿಡಿದು ಬಂದವರು, ದಡದಲ್ಲಿ 26 ನಾಟ್ ಕಂಡು ಗಾಬರಿಯಾಗಿ ನಿಂತದ್ದನ್ನು ನೋಡಿದ್ದೇನೆ. ಆಸ್ಟ್ರೇಲಿಯಾದ ಹವಾಮಾನ ಬ್ಯೂರೋ ಕೇಂದ್ರಗಳು ಈ ಹೊತ್ತಿನ ನಿಜ ಅಳತೆಯನ್ನೇ ಪ್ರಕಟಿಸುತ್ತವೆ. ಇಳಿಯುವ ಮುಂಚೆ ಅದನ್ನು ನೋಡಿ. ನಿಮಗಿಂತ ದಕ್ಷಿಣಕ್ಕಿರುವ ಕೇಂದ್ರದ ಅಳತೆಯನ್ನೂ ನೋಡಿ.

ಗಾಳಿಯ ಬಲ ವೇಗದ ಜೊತೆ ಸಮಸಮವಾಗಿ ಏರುವುದಿಲ್ಲ, ಅದರ ವರ್ಗದಷ್ಟು ಏರುತ್ತದೆ. 15 ನಾಟ್ 30 ಆದರೆ ಎಳೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟು. 20ರಿಂದ 25ಕ್ಕೆ ಏರಿದರೂ ಒಂದೂವರೆ ಪಟ್ಟು ದಾಟುತ್ತದೆ. ಆದ್ದರಿಂದ ಅಲ್ಲಿಗೆ ಹೋಗುವಾಗ ಸಣ್ಣ ಕೈಟ್ ಕಡೆಗೇ ವಾಲಿ. 75 ಕಿಲೋ ತೂಗುವವರಿಗೆ 9 ಮತ್ತು 7 ಮೀಟರ್ ಜೋಡಿ ಸಾಕು. ಪರ್ತ್‌ನ ಮೆದು ದಿನಗಳಿಗೆ ಇಬ್ಬರ ನಡುವೆ ಒಂದು 12 ಇದ್ದರೆ ಆಯಿತು. ತೂಕ ಕಡಿಮೆ ಇದ್ದರೆ 6 ಕೂಡ ಬೇಕು. ಯಾವುದು ಹಿಡಿಯಲಿ ಅಂತ ಅನುಮಾನ ಬಂದ ದಿನ ಚಿಕ್ಕದನ್ನೇ ಹಿಡಿಯಿರಿ.

ಇನ್ನು ಬೆಳಗಿನ ಗಾಳಿ. ಈ ಉತ್ತರದಲ್ಲಿ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದದ್ದು ಇದೇ.

ರಾತ್ರಿಯಿಂದ ಬೆಳಗಿನ ಹತ್ತು, ಹನ್ನೊಂದರವರೆಗೆ ಅಲ್ಲಿ ಮೂಡಣ ಗಾಳಿ. ಅದು ನೆಲದಿಂದ ಕಡಲಿಗೆ ಬೀಸುವ ಗಾಳಿ. ಅಲೆ ಎಬ್ಬಿಸಲು ದಡದ ಬಳಿ ಅದಕ್ಕೆ ನೀರಿನ ಹರವು ಸಿಗುವುದಿಲ್ಲ, ಹಾಗಾಗಿ ನೀರು ಸಪಾಟಾಗಿರುವುದು ನಿಜ. ನಿಮಗೆ ಸಲಹೆ ಕೊಟ್ಟವರು ಕಂಡದ್ದು ಸುಳ್ಳಲ್ಲ. ಆದರೆ ಆ ಗಾಳಿಯಲ್ಲಿ ಕೈಟ್ ಬಿದ್ದರೆ ನೀವು ಹೋಗುವುದು ಪಡುವಣಕ್ಕೆ. ಆ ಕಡೆ ನೆಲ ಅಂತ ಸಿಗುವುದು ಮಹಾಸಾಗರದ ಆಚೆ, ಆಫ್ರಿಕಾದ ಬದಿಯಲ್ಲಿ. 2 ನಾಟ್ ವೇಗದಲ್ಲಿ ತೇಲಿದರೂ ಒಂದು ಗಂಟೆಗೆ 3.7 ಕಿಲೋಮೀಟರ್ ದೂರ ಹೋಗಿರುತ್ತೀರಿ. ದೂರ ಹೋದಷ್ಟೂ ಅಲೆ ದೊಡ್ಡದಾಗುತ್ತದೆ. ದಡದಲ್ಲಿ ನಿಂತವರಿಗೆ ನಿಮ್ಮ ತಲೆ ಕಾಣುವುದಿಲ್ಲ. ನೆಲದ ಮೇಲಿಂದ ಬರುವ ಗಾಳಿ ಮರಳುದಿಬ್ಬ, ಗಿಡಗಂಟಿ ದಾಟಿ ಬರುವುದರಿಂದ ಬಿಟ್ಟು ಬಿಟ್ಟು ಬೀಸುತ್ತದೆ. ಕೈಟ್ ಬೀಳುವ ಸಂಭವವೂ ಆಗಲೇ ಜಾಸ್ತಿ. ರೆಸ್ಕ್ಯೂ ಬೋಟ್ ಇರುವ ಶಾಲೆಯಲ್ಲಿ ಇಂಥ ಗಾಳಿಯಲ್ಲಿ ಇಳಿಯುವುದು ಬೇರೆ ಮಾತು. ನಿರ್ಜನ ತೀರದಲ್ಲಿ ಇಬ್ಬರೇ ಇಳಿಯುವುದಕ್ಕೆ ನಾನು ಯಾವತ್ತೂ ಒಪ್ಪುವುದಿಲ್ಲ.

ಬೆಳಗಿನ ಗಾಳಿಯನ್ನು ಗುರುತಿಸುವುದು ಸುಲಭ. ಇನ್ನೊಂದು ಬಗೆಯ ಆಫ್‌ಶೋರ್, ಅಂದರೆ ದಡದಿಂದ ಕಡಲಿಗೆ ತಳ್ಳುವ ಗಾಳಿ, ಇದೆ, ಅದು ಮೋಸ ಮಾಡುತ್ತದೆ. ಮಧ್ಯಾಹ್ನದ ಒಳ್ಳೆಯ ಕಡಲಗಾಳಿಯೇ ಕೆಲವು ಜಾಗದಲ್ಲಿ ಆಫ್‌ಶೋರ್ ಆಗುತ್ತದೆ. ಶಾರ್ಕ್ ಬೇಯಲ್ಲಿ ಡೆನ್ಹಮ್ ಊರು ಪೆರೋನ್ ಪರ್ಯಾಯದ್ವೀಪದ ಪಡುವಣ ಮಗ್ಗುಲಲ್ಲಿದೆ. ಮಂಕಿ ಮಾಯಾ ಅದರ ಇನ್ನೊಂದು ಮಗ್ಗುಲಲ್ಲಿ. ಅದೇ ದಕ್ಷಿಣದ ಗಾಳಿ ಮಂಕಿ ಮಾಯಾದಲ್ಲಿ ನಿಮ್ಮನ್ನು ದಡದಿಂದ ಆಚೆಗೆ ತಳ್ಳುತ್ತದೆ. ಎಕ್ಸ್‌ಮೌತ್‌ನಲ್ಲೂ ಹೀಗೇ. ರೀಫ್, ಅಂದರೆ ನೀರಿನಡಿಯ ಕಲ್ಲು-ಹವಳದ ಸಾಲು, ಇರುವುದು ಪಡುವಣ ಬದಿಗೆ, ಊರು ಇರುವುದು ಮೂಡಣ ಬದಿಯ ಕೊಲ್ಲಿಗೆ ಮುಖ ಮಾಡಿ. ನೈಋತ್ಯದ ಗಾಳಿ ಊರಿನ ಬದಿಯಲ್ಲಿ ಕೊಲ್ಲಿಯೊಳಕ್ಕೆ ಎಳೆದುಕೊಂಡು ಹೋಗುತ್ತದೆ. ದಿಣ್ಣೆಯ ಮರೆಯಲ್ಲಿ ನೀರು ಸಪಾಟಾಗಿ, ಕಣ್ಣಿಗೆ ತಂಪಾಗಿ ಕಂಡರೆ ಮೊದಲು ಅನುಮಾನ ಪಡಿ. ಒಂದು ಮುಷ್ಟಿ ಒಣ ಮರಳು ತೂರಿ ನೋಡಿ. ಕೈಟ್ ಈಗ ಬಿದ್ದರೆ ನಾನು ಎಲ್ಲಿಗೆ ಹೋಗಿ ಮುಟ್ಟುತ್ತೇನೆ ಅಂತ ಗೆಳೆಯನಿಗೆ ಬೆರಳು ತೋರಿಸಿ ಹೇಳಿ. ತೋರಿಸಲು ನೆಲ ಸಿಗದಿದ್ದರೆ ಆ ಜಾಗ ಬೇಡ.

ಇದೇ ಕಾರಣಕ್ಕೆ ಬಂಡೆಗೋಡೆಯ ತೀರವೂ ಬೇಡ. ಕಲ್ಬಾರಿಯಿಂದ ಬಡಗಣಕ್ಕೆ ಝೂಯ್ಟ್‌ಡಾರ್ಪ್ ಬಂಡೆಸಾಲು ನೂರಕ್ಕೂ ಹೆಚ್ಚು ಕಿಲೋಮೀಟರ್ ಚಾಚಿದೆ. 1712ರಲ್ಲಿ ಅಲ್ಲಿ ಒಡೆದುಹೋದ ಡಚ್ ಹಡಗಿನ ಹೆಸರು ಅದು. ಗಾಳಿ ಎಷ್ಟೇ ಚೆನ್ನಾಗಿರಲಿ, ಅಲ್ಲಿ ದಡ ಹತ್ತಲು ಜಾಗವಿಲ್ಲ.

ಯಾರೂ ಇಲ್ಲದ ಕಡೆ ಇಬ್ಬರೇ ಇಳಿಯಬಹುದಾ ಅಂತ ಕೇಳಿದ್ದೀರಿ. ಒಬ್ಬರ ನಂತರ ಒಬ್ಬರು ಇಳಿಯಬಹುದು ಅನ್ನುವುದು ನನ್ನ ಉತ್ತರ. ಒಬ್ಬರು ನೀರಿನಲ್ಲಿದ್ದಾಗ ಇನ್ನೊಬ್ಬರು ದಡದಲ್ಲಿ ದುರ್ಬೀನು ಹಿಡಿದು ಕಣ್ಣಿಟ್ಟಿರಬೇಕು. ಮಧ್ಯಾಹ್ನದಿಂದ ಸಂಜೆಯವರೆಗೆ ನಾಲ್ಕೈದು ಗಂಟೆ ಗಾಳಿ ಸಿಗುತ್ತದೆ, ಹಂಚಿಕೊಂಡರೂ ಇಬ್ಬರಿಗೂ ಸಾಕಾಗುವಷ್ಟು ಸುಸ್ತಾಗುತ್ತದೆ. ಬೇರೆ ಸವಾರರು ಇರುವ ಲ್ಯಾನ್ಸೆಲಿನ್‌ನಂಥ ಕಡೆ ಜೊತೆಯಾಗಿ ಇಳಿಯಿರಿ. ಕೈಟ್ ಎಬ್ಬಿಸುವಾಗ ಗಾಳಿ ಹೋಗುವ ಕಡೆ ಕನಿಷ್ಠ 50 ಮೀಟರ್, ಅಂದರೆ ಲೈನಿನ ಎರಡರಷ್ಟು ಉದ್ದ, ಕಲ್ಲು, ಕಾರು, ಬೇಲಿ ಏನೂ ಇರಬಾರದು. ಕೈಟ್ ಅಪಘಾತಗಳಲ್ಲಿ ಕೆಟ್ಟವು ಎಷ್ಟೋ ನಡೆಯುವುದು ನೀರಿನಲ್ಲಿ ಅಲ್ಲ, ದಡದ ಮೇಲೆ.

ಪಿಎಲ್‌ಬಿ ಅನ್ನುವ ಸಣ್ಣ ತುರ್ತು ಬೀಕನ್ ಇಬ್ಬರ ಮೈಮೇಲೂ ಇರಲಿ. ಒತ್ತಿದರೆ ಅದು 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸುತ್ತದೆ, ಮೊಬೈಲ್ ಸಿಗ್ನಲ್ ಬೇಕಿಲ್ಲ. ಜಿಪಿಎಸ್ ಇರುವುದನ್ನೇ ಆರಿಸಿ. ಆಸ್ಟ್ರೇಲಿಯಾದಲ್ಲಿ ಅದನ್ನು ಕಡಲ ಸುರಕ್ಷತಾ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು, ನೋಂದಣಿ ಉಚಿತ. ಬಾಡಿಗೆಗೂ ಸಿಗುತ್ತದೆ. ಅದನ್ನು ವ್ಯಾನಿನಲ್ಲಿ ಬಿಟ್ಟು ಹೋದರೆ ಸುಮ್ನೆ ದುಡ್ಡು ದಂಡ. ಹಾರ್ನೆಸ್‌ಗೋ (ಕೈಟ್ ಸಿಕ್ಕಿಸುವ ಸೊಂಟಪಟ್ಟಿ) ಜಾಕೆಟ್‌ಗೋ ಕಟ್ಟಿಕೊಳ್ಳಿ. ಲೈನ್ ಕತ್ತರಿಸುವ ಸಣ್ಣ ಚಾಕು, ಒಂದು ಸೀಟಿ ಕೂಡ ಇರಲಿ. ಫೋನ್ ಸಿಗುವ ಕಡೆ ತುರ್ತು ಸಂಖ್ಯೆ 000. ಊರು ಊರಿನ ನಡುವೆ ಬಹುಪಾಲು ಸಿಗ್ನಲ್ ಇರುವುದಿಲ್ಲ. ಪ್ರಯಾಣ ವಿಮೆಯ ಪತ್ರವನ್ನು ಕಣ್ಣಿಟ್ಟು ಓದಿ. ಎಷ್ಟೋ ಪಾಲಿಸಿಗಳು ಕೈಟ್‌ಸರ್ಫಿಂಗನ್ನು ಹೊರಗಿಟ್ಟಿರುತ್ತವೆ, ಹೆಚ್ಚುವರಿ ಕಟ್ಟಿ ಸೇರಿಸಿಕೊಳ್ಳಬೇಕು.

ದಾರಿಯ ವಿಚಾರಕ್ಕೆ ಬರೋಣ. ಪರ್ತ್‌ನಿಂದ ಎಕ್ಸ್‌ಮೌತ್ ಸುಮಾರು 1,250 ಕಿಲೋಮೀಟರ್. ಹೋಗಿ ಬರಲು ಅದರ ಎರಡರಷ್ಟು. ಮೂರು ವಾರದಲ್ಲಿ ಮುಗಿಯದ ದೂರವೇನಲ್ಲ. ಆದರೆ ಜನವರಿಯಲ್ಲಿ ಎಕ್ಸ್‌ಮೌತ್ ಕಡೆಯ ಬಿಸಿಲು ಬಹಳ ಕ್ರೂರ. ಅಲ್ಲಿಂದ ಕೊಲ್ಲಿಯ ಆಚೆಗಿರುವ ಆನ್‌ಸ್ಲೋ ಊರಿನಲ್ಲಿ 2022ರ ಜನವರಿ 13ರಂದು 50.7 ಡಿಗ್ರಿ ದಾಖಲಾಗಿತ್ತು. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲವೂ ಹೌದು. ಅವು ಸಾಮಾನ್ಯವಾಗಿ ಬಡಗಣ ಭಾಗಕ್ಕೆ ಹೊಡೆಯುತ್ತವೆ. 2021ರ ಏಪ್ರಿಲ್‌ನಲ್ಲಿ ಸೆರೋಜಾ ಚಂಡಮಾರುತ ದಕ್ಷಿಣಕ್ಕೆ ಇಳಿದು ಕಲ್ಬಾರಿ ಊರನ್ನೇ ಹಾಳುಗೆಡವಿತು, ಅದು ಅಪರೂಪ. ಎಚ್ಚರಿಕೆ ಬಂದರೆ ಬುಕ್ಕಿಂಗ್ ಹಣ ಹೋಯಿತು ಅಂತ ಕೂರದೆ ವ್ಯಾನ್ ತಿರುಗಿಸಿ ಹೊರಡಿ.

ಹಾಗಾಗಿ ನಾನಾಗಿದ್ದರೆ ಮೂರು ವಾರದಲ್ಲಿ ಎರಡನ್ನು ಪರ್ತ್ ಮತ್ತು ಜೆರಾಲ್ಡ್‌ಟನ್ ನಡುವೆಯೇ ಕಳೆಯುತ್ತೇನೆ. ಅಲ್ಲಿ ಬಹಳ ದಿನ ಗಾಳಿ ಸಿಗುತ್ತದೆ. ಮೊದಲ ಎರಡು ಮೂರು ದಿನ ಪರ್ತ್‌ನ ದಕ್ಷಿಣಕ್ಕಿರುವ ಸೇಫ್ಟಿ ಬೇಯಲ್ಲಿ ಇಳಿಯಿರಿ. ನೀರು ಆಳವಿಲ್ಲ, ಜನ ಇರುತ್ತಾರೆ, ಗಾಳಿಯ ಗುಣ ಮೈಗೆ ಹತ್ತುತ್ತದೆ. ಆಮೇಲೆ ಲ್ಯಾನ್ಸೆಲಿನ್. ಪರ್ತ್‌ನಿಂದ 130 ಕಿಲೋಮೀಟರ್ ಒಳಗೆ. ರೀಫ್ ಮತ್ತು ಸಣ್ಣ ದ್ವೀಪಗಳು ಕೊಲ್ಲಿಯನ್ನು ಕಾಯುತ್ತವೆ. ರೀಫಿನ ಒಳಗೆ ಶಾಂತ ನೀರು, ಹೊರಗೆ ಅಲೆ. ನಿಮ್ಮ ಮಟ್ಟಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಆ ಕರಾವಳಿಯಲ್ಲಿ ಇಲ್ಲ ಅಂತ ನನ್ನ ನಂಬಿಕೆ. ಒಂದು ವಾರ ಅಲ್ಲೇ ಇದ್ದರೂ ಬೇಸರವಾಗುವುದಿಲ್ಲ. ಜನವರಿಯಲ್ಲಿ ಅಲ್ಲಿ ಲೆಡ್ಜ್ ಪಾಯಿಂಟ್‌ನಿಂದ ಲ್ಯಾನ್ಸೆಲಿನ್‌ವರೆಗೆ ಗಾಳಿಯ ಜೊತೆ ಸಾಗುವ ಓಷನ್ ಕ್ಲಾಸಿಕ್ ಪಂದ್ಯ ನಡೆಯುತ್ತದೆ. ಶಾಲಾ ರಜೆಯೂ ಅದೇ ಸಮಯ. ತಂಗುವ ಜಾಗವನ್ನು ತಿಂಗಳುಗಳ ಮುಂಚೆಯೇ ಹಿಡಿದಿಡಿ.

ಲ್ಯಾನ್ಸೆಲಿನ್‌ನಿಂದ ಇಂಡಿಯನ್ ಓಷನ್ ಡ್ರೈವ್ ಕಡಲಿನ ಪಕ್ಕದಲ್ಲೇ ಹೋಗುತ್ತದೆ. ಗಾಳಿ ಇಲ್ಲದ ದಿನ ಸಿಕ್ಕರೆ ಸರ್ವಾಂಟಿಸ್ ಬಳಿ ಪಿನಕಲ್ಸ್ ಸುಣ್ಣಕಲ್ಲಿನ ಕಂಬಗಳನ್ನು ನೋಡಿ. ಜೆರಾಲ್ಡ್‌ಟನ್ ಗಾಳಿ ಇನ್ನೂ ಗಟ್ಟಿ, ನೀರು ಇನ್ನೂ ಒರಟು. ಊರಿನ ಬಡಗಣಕ್ಕೆ ಸುಮಾರು 30 ಕಿಲೋಮೀಟರ್ ದೂರದ ಕೊರೊನೇಷನ್ ಬೀಚ್‌ನಲ್ಲಿ ಕ್ಯಾಂಪ್ ಹಾಕಲು ಜಾಗ ಇದೆ, ಗಾಳಿ ಹುಚ್ಚಿನವರ ಸಹವಾಸವೂ ಸಿಗುತ್ತದೆ. ಆ ಊರಿನ ಪಾಯಿಂಟ್ ಮೂರ್ ರೀಫಿನ ಅಲೆಗಳನ್ನು ದಡದಿಂದ ನೋಡಿ ಖುಷಿಪಡಿ, ಇಳಿಯಬೇಡಿ. ಕೈಯಲ್ಲಿ ದಿನ ಉಳಿದರೆ ಡೆನ್ಹಮ್‌ವರೆಗೆ ಹೋಗಿ ವಾಪಸ್ ಬನ್ನಿ.

ನರಾಲೂ ಬೇಡ ಅಂದದ್ದಕ್ಕೆ ನಿಮ್ಮ ಗೆಳೆಯ ಬೇಸರ ಮಾಡಿಕೊಳ್ಳಬಾರದು. ಅದು ಕಾರ್ನಾರ್ವನ್ ಊರಿನಿಂದ ಬಡಗಣಕ್ಕೆ ಸುಮಾರು 150 ಕಿಲೋಮೀಟರ್. ಕೊನೆಯ ಭಾಗ ಡಾಂಬರಿಲ್ಲದ, ಉಬ್ಬುತಗ್ಗಾದ ಮಣ್ಣು ರಸ್ತೆ. ಬಾಡಿಗೆ ವ್ಯಾನ್‌ಗಳ ಒಪ್ಪಂದದಲ್ಲಿ ಇಂಥ ರಸ್ತೆಗೆ ವಿಮೆ ಇರುವುದಿಲ್ಲ ಅಂತಲೇ ಸಾಮಾನ್ಯವಾಗಿ ಬರೆದಿರುತ್ತದೆ. ಅಲ್ಲಿನ ಅಲೆ ಆಳವಿಲ್ಲದ ರೀಫ್ ಮೇಲೆ ಒಡೆಯುತ್ತದೆ. ಬಿದ್ದರೆ ಮೈ ಕೊಯ್ಯುವ ಕಲ್ಲು. ದಾರಿಯಲ್ಲಿ ಸಿಗುವ ಬ್ಲೋಹೋಲ್ಸ್ ಬಂಡೆಯ ಬಳಿ ದೊಡ್ಡ ಅಲೆಗಳು ಜೀವ ತೆಗೆಯುತ್ತವೆ ಅಂತ ದಪ್ಪ ಅಕ್ಷರದ ಫಲಕವೇ ಇದೆ. ಅಲೆ ಸವಾರಿಯಲ್ಲಿ ಪಳಗಿದವರಿಗೆ ಅದು ಕನಸಿನ ಜಾಗ, ನಿಜ. ನೀವು ಸಣ್ಣ ಜಿಗಿತದ ಹಂತದಲ್ಲಿದ್ದೀರಿ. ಎರಡು ಮೂರು ಬೇಸಿಗೆ ಅಲೆಯಲ್ಲಿ ಪಳಗಿ, ಫೋರ್ ವೀಲ್ ಗಾಡಿ ಹಿಡಿದು, ಅನುಭವಸ್ಥರ ಜೊತೆ ಹೋಗಿ.

ಶಾರ್ಕ್ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಲ್ಲಿ ಶಾರ್ಕ್ ಇವೆ, ದೊಡ್ಡವೂ ಇವೆ. ಮನೆಯವರಿಗೆ ಇಲ್ಲ ಅಂತ ಸುಳ್ಳು ಹೇಳಬೇಡಿ. ಆದರೆ ಕೈಟ್ ಸವಾರರಿಗೆ ದಿನನಿತ್ಯದ ಅಪಾಯ ಗಾಳಿ, ರೀಫ್, ಬಿಸಿಲು ಮತ್ತು ರಸ್ತೆ. ರಾಜ್ಯ ಸರ್ಕಾರದ ಶಾರ್ಕ್‌ಸ್ಮಾರ್ಟ್ ಆ್ಯಪ್‌ನಲ್ಲಿ ಎಲ್ಲಿ ಕಾಣಿಸಿಕೊಂಡಿವೆ ಅನ್ನುವುದು ತಿಳಿಯುತ್ತದೆ. ಸತ್ತ ತಿಮಿಂಗಿಲ ಅಥವಾ ಮೀನಿನ ಹಿಂಡು ಕಂಡ ದಿನ, ಕತ್ತಲಾಗುವ ಹೊತ್ತು ನೀರಿನಲ್ಲಿರಬೇಡಿ. ರೀಫ್ ಮೇಲೆ ಕಾಲಿಡುವಾಗ ಗಟ್ಟಿ ಅಡಿಯ ಬೂಟು ಹಾಕಿ, ವಿಷಮುಳ್ಳಿನ ಸ್ಟೋನ್‌ಫಿಶ್ ಕಲ್ಲಿನ ಹಾಗೇ ಕೂತಿರುತ್ತದೆ.

ರಸ್ತೆ ಅಂದೆನಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಸುಕು ಮತ್ತು ಮುಸ್ಸಂಜೆಯಲ್ಲಿ ಕಾಂಗರೂ, ಎಮು ರಸ್ತೆಗೆ ಅಡ್ಡ ಬರುತ್ತವೆ. ರಾತ್ರಿ ಊರಾಚೆ ಓಡಿಸಬಾರದು ಅಂತ ಬಹಳಷ್ಟು ಬಾಡಿಗೆ ಒಪ್ಪಂದಗಳಲ್ಲೇ ಇರುತ್ತದೆ. ಜೆರಾಲ್ಡ್‌ಟನ್ ಆಚೆ 53.5 ಮೀಟರ್ ಉದ್ದದವರೆಗಿನ ರೋಡ್ ಟ್ರೇನ್ ಲಾರಿಗಳು ಸಿಗುತ್ತವೆ, ಅವನ್ನು ಹಿಂದಿಕ್ಕಲು ಆತುರಪಡಬೇಡಿ. ಅದು ಹಾದುಹೋಗುವಾಗ ಎತ್ತರದ ವ್ಯಾನ್ ಅಲುಗಾಡುತ್ತದೆ, ಸ್ಟೀರಿಂಗ್ ಎರಡು ಕೈಯಲ್ಲಿ ಹಿಡಿಯಿರಿ. ಅರ್ಧ ಟ್ಯಾಂಕ್ ಆದಾಗೆಲ್ಲ ಇಂಧನ ತುಂಬಿಸಿ. ಸೂರ್ಯ ಚೆನ್ನಾಗಿ ಮೇಲೇರಿದ ಮೇಲೆ ಹೊರಟು ಮಧ್ಯಾಹ್ನದೊಳಗೆ ಮುಟ್ಟುವ ಅಭ್ಯಾಸ ಇಟ್ಟುಕೊಳ್ಳಿ. ವಾಪಸ್ ಬರುವಾಗ ಕಡಲಗಾಳಿ ಎದುರಿಗಿರುತ್ತದೆ, ಮಧ್ಯಾಹ್ನ ಓಡಿಸಿದರೆ ಇಂಧನ ಜಾಸ್ತಿ ಕುಡಿಯುತ್ತದೆ. ಮುಚ್ಚಿದ ವ್ಯಾನಿನ ಕಾವಿಗೆ ಕೈಟ್ ಬ್ಲ್ಯಾಡರ್‌ನ (ಒಳಗಿನ ಗಾಳಿಚೀಲ) ವಾಲ್ವ್ ಅಂಟು ಬಿಡುತ್ತದೆ. ಕೈಟ್ ಚೀಲ ಕಿಟಕಿಯ ಬಿಸಿಲಿಗೆ ಇಡಬೇಡಿ. ಬ್ಲ್ಯಾಡರ್ ಪ್ಯಾಚ್, ಹರಿದ ಬಟ್ಟೆಗೆ ಟೇಪ್, ಒಂದು ಜೊತೆ ಲೈನ್, ಫಿನ್ ಸ್ಕ್ರೂ ನಿಮ್ಮ ಹತ್ತಿರವೇ ಇರಲಿ.

ಟಿಕೆಟ್ ತೆಗೆಯುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಶಾಲೆಗೆ ಹೋಗಿ, ರೆಸ್ಕ್ಯೂ ಬೋಟ್ ಪಕ್ಕದಲ್ಲಿದ್ದಾಗ, ಕಾಲು ನಿಲ್ಲದ ಆಳದಲ್ಲಿ ಸೆಲ್ಫ್ ರೆಸ್ಕ್ಯೂ, ಅಂದರೆ ನಿಮ್ಮನ್ನು ನೀವೇ ದಡ ಸೇರಿಸಿಕೊಳ್ಳುವ ಅಭ್ಯಾಸ, ಮಾಡಿ. ಕ್ವಿಕ್ ರಿಲೀಸ್ (ಕೈಟ್‌ನ ಎಳೆತ ತಕ್ಷಣ ಬಿಡಿಸುವ ಕೊಂಡಿ) ಒತ್ತಿ ಕೈಟ್‌ನ ಬಲ ಕಳೆಯಿರಿ. ಕೈಟ್ ನೇತಾಡುವ ಆ ಒಂದು ಲೈನನ್ನು ಮೊದಲು ಕೆಲವು ಮೀಟರ್ ಬಾರ್‌ಗೆ, ಅಂದರೆ ಕೈಯಲ್ಲಿ ಹಿಡಿಯುವ ಕೋಲಿಗೆ, ಸುತ್ತಿ ಗಂಟು ಹಾಕಿ, ಇಲ್ಲದಿದ್ದರೆ ಕೈಟ್ ಮತ್ತೆ ಗಾಳಿ ಹಿಡಿದು ಎಳೆಯುತ್ತದೆ. ಆಮೇಲೆ ಎಲ್ಲ ಲೈನ್ ಒಟ್ಟಿಗೆ ಸುತ್ತುತ್ತಾ ಕೈಟ್ ಮುಟ್ಟಿ, ಎರಡು ತುದಿ ಹಿಡಿದು ಹಾಯಿ ಮಾಡಿಕೊಂಡು ದಡಕ್ಕೆ ಬನ್ನಿ. ಮುಂಚೆ ಕಲಿತಾಗ ಒಮ್ಮೆ ಮಾಡಿದ್ದೀರಿ, ಗೊತ್ತು. ಅಲೆ ಇರುವಾಗ, ಸುಸ್ತಾದಾಗ, ಯಾರೂ ಹೇಳಿಕೊಡದೆ ಮಾಡಿ ನೋಡಿ. ದಡ ತೀರಾ ಹತ್ತಿರ ಇದ್ದರೆ ಕೈಟ್ ಬಿಟ್ಟು ಈಜಿ ಬರಬಹುದು. ದೂರ ಇದ್ದರೆ ಕೈಟ್ ಬಿಡಬೇಡಿ. ಅದು ತೇಲಿಸುತ್ತದೆ, ಹುಡುಕುವವರಿಗೆ ದೂರದಿಂದ ಕಾಣುತ್ತದೆ. ನಿಮ್ಮಿಬ್ಬರಲ್ಲಿ ಒಬ್ಬರಿಗೆ ಇದು ಸಲೀಸಾಗಿ ಬಾರದಿದ್ದರೂ ಸೇಫ್ಟಿ ಬೇ ಮತ್ತು ಲ್ಯಾನ್ಸೆಲಿನ್ ಎರಡಕ್ಕೇ ಬುಕ್ ಮಾಡಿ. ಇಬ್ಬರಿಗೂ ಬಂದ ಮೇಲೆ ಜೆರಾಲ್ಡ್‌ಟನ್ ಸೇರಿಸಿ.